ಬಂಗುಡೆಯ ಡಿಎನ್‌ಎ ಮೂಲಕ ಬಯೋಇನ್‌ಫರ್ಮ್ಯಾಟಿಕ್ಸ್ ಇತಿಹಾಸವನ್ನು ಕಲಿಯುವ ಕ್ರಮ

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಬಯೋಇನ್‌ಫರ್ಮ್ಯಾಟಿಕ್ಸ್ (ಡಿಎನ್‌ಎ, ಪ್ರೋಟೀನುಗಳಂಥ ಜೈವಿಕ ಮಾಹಿತಿಯನ್ನು ಕಂಪ್ಯೂಟರಿನಿಂದ ವಿಶ್ಲೇಷಿಸುವ ಶಾಸ್ತ್ರ) ಓದುವವರು ಅದರ ಇತಿಹಾಸವನ್ನು ಇಸವಿಗಳ ಪಟ್ಟಿಯಾಗಿ ಬಾಯಿಪಾಠ ಮಾಡುವುದಕ್ಕಿಂತ, ಡಿಎನ್‌ಎ ದಾಖಲೆಗಳ ಭಂಡಾರದಲ್ಲಿ ಒಂದು ಹುಡುಕಾಟವನ್ನು ತಾವೇ ನಡೆಸಿ ಅದರ ಪ್ರತಿ ಹಂತವೂ ಎಲ್ಲಿಂದ ಬಂತೆಂದು ವಿಚಾರಿಸುವುದು ಮೇಲು. ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಎಲ್ಲರಿಗೂ ಪರಿಚಿತವಾದ ಬಂಗುಡೆ ಇದಕ್ಕೆ ಸಾಕು. ಅದರ ವೈಜ್ಞಾನಿಕ ಹೆಸರು ರಾಸ್ಟ್ರೆಲಿಗರ್ ಕನಗುರ್ತ.

ಮೊದಲು ಅಮೆರಿಕದ ಜೈವಿಕ ಮಾಹಿತಿ ಕೇಂದ್ರವಾದ ಎನ್‌ಸಿಬಿಐ ಜಾಲತಾಣದ ನ್ಯೂಕ್ಲಿಯೋಟೈಡ್ ವಿಭಾಗದಲ್ಲಿ ಈ ಹೆಸರಿನೊಂದಿಗೆ ಮೈಟೋಕಾಂಡ್ರಿಯಾದ (ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗ) ಸಿಒಐ ಜೀನಿನ ಹೆಸರನ್ನೂ ಕೊಟ್ಟು, ಸುಮಾರು 650 ಡಿಎನ್‌ಎ ಅಕ್ಷರಗಳ ಒಂದು ದಾಖಲೆಯನ್ನು ಆರಿಸಿಕೊಳ್ಳಿ. ಪ್ರಾಣಿಗಳ ಜಾತಿ ಗುರುತಿಸಲು ಈ ಭಾಗವನ್ನು ಬಾರ್‌ಕೋಡ್‌ನಂತೆ ಬಳಸಬಹುದೆಂದು 2003ರಲ್ಲಿ ಕೆನಡಾದ ಜೀವವಿಜ್ಞಾನಿ ಪಾಲ್ ಹೆಬರ್ಟ್ ತಂಡ ಸೂಚಿಸಿತು. ದಾಖಲೆ ಇರುವ ಭಂಡಾರವಾದ ಜೆನ್‌ಬ್ಯಾಂಕ್ ಆರಂಭವಾದದ್ದು 1982ರಲ್ಲಿ. ಆದರೆ ಅನುಕ್ರಮಗಳನ್ನು (ಇಂಥ ಅಕ್ಷರಗಳ ಸಾಲುಗಳನ್ನು) ಒಂದೆಡೆ ಕೂಡಿಸಿ ಹೋಲಿಸುವ ಕೆಲಸ ಅದಕ್ಕೂ ಹಳೆಯದು: ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಡೇಹಾಫ್ ಮತ್ತು ಸಂಗಡಿಗರು 1965ರಲ್ಲೇ 65 ಪ್ರೋಟೀನುಗಳ ಅನುಕ್ರಮಗಳನ್ನು ಮುದ್ರಿತ ಪುಸ್ತಕವಾಗಿ ತಂದಿದ್ದರು. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳನ್ನು ಒಂದೊಂದೇ ಅಕ್ಷರದಿಂದ ಬರೆಯುವ ಪದ್ಧತಿಯನ್ನು ರೂಪಿಸಿದವರೂ ಡೇಹಾಫ್ ಅವರೇ. ಈ ಕ್ಷೇತ್ರಕ್ಕೆ ಒಬ್ಬರನ್ನೇ ಮೂಲಪುರುಷರೆಂದು ಹೆಸರಿಸಬೇಕಾದರೆ, ಆ ಸ್ಥಾನ ಈ ಮಹಿಳೆಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಅನುಕ್ರಮವನ್ನು ಫಾಸ್ಟಾ ರೂಪದಲ್ಲಿ ಇಳಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಹೆಸರು, ಕೆಳಗೆ ಎ, ಸಿ, ಜಿ, ಟಿ ಅಕ್ಷರಗಳು, ಇಷ್ಟೇ.

ಈಗ ಅದೇ ಜಾಲತಾಣದಲ್ಲಿ, ಹೋಲುವ ಅನುಕ್ರಮಗಳನ್ನು ಹುಡುಕಿಕೊಡುವ ಬ್ಲಾಸ್ಟ್ ಎಂಬ ಸಾಧನದ ಪುಟದಲ್ಲಿ ಅದನ್ನು ಅಂಟಿಸಿ, ನ್ಯೂಕ್ಲಿಯೋಟೈಡ್ ಹುಡುಕಾಟ ನಡೆಸಿ. ಬ್ಲಾಸ್ಟ್‌ಗೂ ಮುಂಚಿನ, 1970ರ ನೀಡಲ್‌ಮನ್–ವುನ್ಶ್ ವಿಧಾನ ಎರಡು ಅನುಕ್ರಮಗಳನ್ನು ಉದ್ದಕ್ಕೂ ಹೊಂದಿಸುತ್ತಿತ್ತು. 1981ರ ಸ್ಮಿತ್–ವಾಟರ್‌ಮನ್ ವಿಧಾನ ಅತಿ ಹೆಚ್ಚು ಹೊಂದುವ ತುಣುಕನ್ನಷ್ಟೇ ಹುಡುಕುತ್ತಿತ್ತು. ಎರಡೂ ಅಕ್ಷರಕ್ಕೆ ಅಕ್ಷರ ಎದುರಿಟ್ಟು ಇಡೀ ಕೋಷ್ಟಕವನ್ನು ತುಂಬುವುದರಿಂದ ಉತ್ತರ ನಿಖರವಾಗಿರುತ್ತಿತ್ತು, ಆದರೆ ಭಂಡಾರ ಬೆಳೆದಂತೆ ಕಾಯುವ ಹೊತ್ತೂ ಬೆಳೆಯಿತು. 1990ರಲ್ಲಿ ಬಂದ ಬ್ಲಾಸ್ಟ್ ಮೊದಲು ಚಿಕ್ಕ ಹೊಂದಿಕೆಗಳನ್ನು ಹಿಡಿದು, ಅಲ್ಲಿಂದ ಎರಡೂ ಬದಿಗೆ ವಿಸ್ತರಿಸುತ್ತದೆ. ವೇಗಕ್ಕಾಗಿ, ದೂರದ ಕೆಲವು ಸಂಬಂಧಗಳು ತಪ್ಪಿಹೋಗುವ ಸಾಧ್ಯತೆಯನ್ನು ಅದು ಒಪ್ಪಿಕೊಂಡಿದೆ.

ಫಲಿತಾಂಶದಲ್ಲಿ ನೀವು ತಂದ ದಾಖಲೆಯೇ ಮೇಲೆ ಕಾಣಿಸುವುದು ಸಹಜ, ಅದನ್ನು ಬಿಟ್ಟು ಉಳಿದವನ್ನು ನೋಡಿ. ಇ-ವ್ಯಾಲ್ಯೂ ಎಂದರೆ ಅಷ್ಟು ದೊಡ್ಡ ಭಂಡಾರದಲ್ಲಿ ಅಂಥ ಹೊಂದಿಕೆ ಕೇವಲ ಆಕಸ್ಮಿಕವಾಗಿ ಎಷ್ಟು ಬಾರಿ ಸಿಕ್ಕೀತೆಂಬ ಅಂದಾಜು, ಕಡಿಮೆಯಿದ್ದಷ್ಟೂ ಒಳ್ಳೆಯದು. ಜಾತಿಯ ಹೆಸರನ್ನು ದಾಖಲೆ ಸಲ್ಲಿಸಿದವರೇ ಬರೆದಿರುತ್ತಾರಾದ್ದರಿಂದ, ಮೊದಲ ಸಾಲನ್ನೇ ನಂಬದೆ ಹಲವು ದಾಖಲೆಗಳ ಹೊಂದಿಕೆಯ ಶೇಕಡಾವಾರನ್ನೂ ವ್ಯಾಪ್ತಿಯನ್ನೂ (ಅನುಕ್ರಮದ ಎಷ್ಟು ಭಾಗ ಹೊಂದಿದೆ ಎಂಬುದನ್ನೂ) ಹೋಲಿಸಿ.

ಕೊನೆಗೆ ಇದೇ ಅನುಕ್ರಮವನ್ನು, ಡಿಎನ್‌ಎಯನ್ನು ಪ್ರೋಟೀನಿಗೆ ಅನುವಾದಿಸಿ ಹುಡುಕುವ ಬ್ಲಾಸ್ಟ್‌ಎಕ್ಸ್‌ನಲ್ಲಿ ಪ್ರೋಟೀನುಗಳೊಂದಿಗೆ ಹೋಲಿಸುವಾಗ, ಜೆನೆಟಿಕ್ ಕೋಡ್ (ಡಿಎನ್‌ಎಯ ಮೂರು ಮೂರು ಅಕ್ಷರಗಳಿಗೆ ಯಾವ ಅಮೈನೋ ಆಮ್ಲವೆಂಬ ಪಟ್ಟಿ) ಆಯ್ಕೆಯನ್ನು ಕಶೇರುಕಗಳ ಮೈಟೋಕಾಂಡ್ರಿಯಾಕ್ಕೆ ಬದಲಾಯಿಸಿ. ಸಾಮಾನ್ಯ ಕೋಡಿನಲ್ಲಿ ಟಿಜಿಎ ಎಂದರೆ ಪ್ರೋಟೀನಿನ ಅಂತ್ಯ, ಮೈಟೋಕಾಂಡ್ರಿಯಾದಲ್ಲಿ ಅದು ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ. ಬದಲಾಯಿಸದಿದ್ದರೆ ಸರಿಯಾದ ಜೀನ್ ಕೂಡ ಅಲ್ಲಲ್ಲಿ ತುಂಡಾದಂತೆ ಕಾಣುತ್ತದೆ.