‘ಪೂಜ್ಯರಿಗೆ ಅಂತರರಾಷ್ಟ್ರೀಯ ಶಾಂತಿ ಪ್ರಶಸ್ತಿ’: ಇಂಥ ಪ್ರೆಸ್ ನೋಟ್ ಕೈಗೆ ಬಂದಾಗ ಏನು ಮಾಡಬೇಕು?

ಈ ಪ್ರೆಸ್ ನೋಟ್ ಬರುವುದು ಸಾಮಾನ್ಯವಾಗಿ ಸಂಜೆ ಏಳರ ಮೇಲೆ, ಪುಟ ಕಟ್ಟುವ ಗಡಿಬಿಡಿಯ ಹೊತ್ತಿಗೆ. ಜೊತೆಗೊಂದು ಫೋಟೊ ಇರುತ್ತದೆ. ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಹಿಂದಿನ ಬ್ಯಾನರಿನಲ್ಲಿ ಭೂಗೋಳ, ಅದರ ಮೇಲೊಂದು ಬಿಳಿ ಪಾರಿವಾಳ. ತಲೆಬರಹವನ್ನೂ ಅವರೇ ಬರೆದುಕೊಟ್ಟಿರುತ್ತಾರೆ. ಸ್ವಾಮೀಜಿಗಳದ್ದು ಅಂತಲ್ಲ, ಪಾದ್ರಿಗಳದ್ದೂ ಬರುತ್ತದೆ, ಮೌಲ್ವಿಗಳದ್ದೂ ಬರುತ್ತದೆ. ಪಾರಿವಾಳ ಮಾತ್ರ ಅದೇ.

ನಾನು ಪಿರಿಯಾಪಟ್ಟಣದಲ್ಲಿ ವರದಿಗಾರನಾಗಿ ಶುರು ಮಾಡಿ, ಆಮೇಲೆ ಮೈಸೂರಿನಲ್ಲಿ ಡೆಸ್ಕಿಗೆ ಬಂದವನು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕೇಳುತ್ತಲೇ ಇರುತ್ತಾರೆ, "ಸರ್, ಇದನ್ನ ಹಾಕೋದಾ, ಬಿಡೋದಾ?" ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ನಾನು ಏನು ಮಾಡುತ್ತೇನೆ ಅನ್ನೋದನ್ನು ಹೇಳುತ್ತೇನೆ.

ಮೊದಲು ನನ್ನ ಎಡವಟ್ಟು. ತುಂಬಾ ಹಿಂದೆ, ಒಬ್ಬ ಗುರುಗಳು ‘ನೊಬೆಲ್ ಶಾಂತಿ ಪ್ರಶಸ್ತಿಗೆ ನಾಮನಿರ್ದೇಶನ’ ಆಗಿದ್ದಾರೆ ಅಂತ ಬಂದ ನೋಟನ್ನು ಎರಡು ಕಾಲಂ ಫೋಟೊ ಸಮೇತ ಹಾಕಿಬಿಟ್ಟೆ. ನಾಲ್ಕು ದಿನಕ್ಕೆ ಒಂದು ಪೋಸ್ಟ್ ಕಾರ್ಡ್ ಬಂತು. ಬರೆದವರು ರಿಟೈರ್ ಆದ ಮೇಷ್ಟ್ರು. "1939ರಲ್ಲಿ ಹಿಟ್ಲರನ ಹೆಸರೂ ಹೋಗಿತ್ತು. ಅವನ ಫೋಟೊನೂ ಎರಡು ಕಾಲಂ ಹಾಕ್ತಿದ್ರಾ?" ಅಷ್ಟೇ. ಆ ಕಾರ್ಡು ವರ್ಷಗಟ್ಟಲೆ ನನ್ನ ಡ್ರಾಯರಿನಲ್ಲಿತ್ತು.

ಮೇಷ್ಟ್ರು ಹೇಳಿದ್ದು ನಿಜ. ಸ್ವೀಡನ್ನಿನ ಒಬ್ಬ ಸಂಸದ ವ್ಯಂಗ್ಯಕ್ಕೆ ಹಿಟ್ಲರನ ಹೆಸರು ಕಳಿಸಿ, ಆಮೇಲೆ ವಾಪಸ್ ತೆಗೆದುಕೊಂಡಿದ್ದ. ಸ್ಟಾಲಿನ್ ಹೆಸರು ಎರಡು ಸಲ ಹೋಗಿತ್ತು, 1945ರಲ್ಲಿ ಮತ್ತು 1948ರಲ್ಲಿ.

ಹಾಗಾಗಿ ನೋಟಿನಲ್ಲಿ ‘ನಾಮನಿರ್ದೇಶನ’ ಅನ್ನೋ ಪದ ಕಂಡರೆ ಪೆನ್ನು ಕೆಳಗಿಡಿ. ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಕಳಿಸುವ ಹಕ್ಕು ತುಂಬಾ ಜನರಿಗಿದೆ. ಯಾವುದೇ ದೇಶದ ಸಂಸದರು, ಮಂತ್ರಿಗಳು, ಹಿಂದೆ ಪ್ರಶಸ್ತಿ ಪಡೆದವರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಕಾನೂನು, ತತ್ವಶಾಸ್ತ್ರ, ಧರ್ಮಶಾಸ್ತ್ರ ಪಾಠ ಮಾಡುವ ಪ್ರೊಫೆಸರುಗಳೂ ಕಳಿಸಬಹುದು. ಜನವರಿ 31ರೊಳಗೆ ಕಳಿಸಿದರಾಯಿತು. 2025ಕ್ಕೆ 338 ಹೆಸರುಗಳಿದ್ದವು. ಯಾರ ಹೆಸರಿತ್ತು ಅಂತ ನಾರ್ವೆಯ ಸಮಿತಿ 50 ವರ್ಷ ಬಾಯಿ ಬಿಡುವುದಿಲ್ಲ. ಅಂದ ಮೇಲೆ ಮಠದ ಮ್ಯಾನೇಜರಿಗೆ ಗೊತ್ತಾಗಿದ್ದು ಹೇಗೆ? ಕಳಿಸಿದವರೇ ಹೇಳಿರಬೇಕು. ಇದು ಸುದ್ದಿಯಲ್ಲ. ಬಿಡಿ.

ನಿಜವಾಗಿ ಪ್ರಶಸ್ತಿ ಬಂದಿದೆ ಅಂದುಕೊಳ್ಳೋಣ. ಆಗ ಕೊಟ್ಟವರು ಯಾರು ಅಂತ ನೋಡಿ. ಹೆಸರಿನಲ್ಲಿ ‘ವಿಶ್ವ’, ‘ಗ್ಲೋಬಲ್’ ಇದ್ದ ಮಾತ್ರಕ್ಕೆ ಅಂತರರಾಷ್ಟ್ರೀಯ ಆಗಲ್ಲ. ಕಳೆದ ವರ್ಷ ಯಾರಿಗೆ ಕೊಟ್ಟರು, ಆಯ್ಕೆ ಸಮಿತಿಯಲ್ಲಿ ಯಾರಿದ್ದಾರೆ, ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು? ಕೊನೆಯದು ಮುಖ್ಯ. ಪ್ರಶಸ್ತಿ ಪಡೆದವರೇ ‘ನೋಂದಣಿ ಶುಲ್ಕ’ ಕಟ್ಟಿದ್ದರೆ ಅದು ಖರೀದಿ. ಭಾರತ ಸರ್ಕಾರದ ಗಾಂಧಿ ಶಾಂತಿ ಪ್ರಶಸ್ತಿಯಲ್ಲಿ ಕೊಡುವವರೇ 1 ಕೋಟಿ ರೂಪಾಯಿ ಕೊಡುತ್ತಾರೆ. 2021ರ ಸಾಲಿಗೆ ಆಯ್ಕೆಯಾದ ಗೋರಖ್‌ಪುರದ ಗೀತಾ ಪ್ರೆಸ್ ಆ ದುಡ್ಡು ಬೇಡ ಅಂದಿತು, ಗೌರವ ಮಾತ್ರ ಸಾಕು ಅಂದಿತು.

ಧಾರ್ಮಿಕ ಸಂಸ್ಥೆಯೇ ಕೊಟ್ಟ ಪ್ರಶಸ್ತಿ ಅಂದ ತಕ್ಷಣ ಮೂಗು ಮುರಿಯಬೇಡಿ. ಜಪಾನಿನ ನಿವಾನೊ ಶಾಂತಿ ಪ್ರಶಸ್ತಿ ಕೊಡುವ ಪ್ರತಿಷ್ಠಾನದ ಹಿಂದಿರುವವರು ಬೌದ್ಧರು. 1983ರ ಮೊದಲ ಪ್ರಶಸ್ತಿಯನ್ನು ಅವರು ಕೊಟ್ಟಿದ್ದು ಬ್ರೆಜಿಲ್‌ನ ಕ್ಯಾಥೊಲಿಕ್ ಬಿಷಪ್ ಹೆಲ್ಡರ್ ಕಾಮರಾ ಅವರಿಗೆ. ತಮ್ಮವರನ್ನು ಬಿಟ್ಟು ಬೇರೆಯವರಿಗೆ ಕೊಡುತ್ತಾರಾ ಅನ್ನೋದನ್ನು ನೋಡಿದರೆ ಅರ್ಧ ಗೊತ್ತಾಗಿಬಿಡುತ್ತದೆ.

ಇಷ್ಟಾದ ಮೇಲೆ ಫೋನ್ ಮಾಡಿ. ಇದನ್ನೇ ಹೊಸಬರು ತಪ್ಪಿಸಿಕೊಳ್ಳೋದು. ಮಠಕ್ಕೆ ಫೋನ್ ಮಾಡೋದಕ್ಕೆ ಒಂಥರಾ ಮುಜುಗರ. ನಮ್ಮ ಕಡೆ ಸ್ವಾಮಿಗಳನ್ನು ‘ಬುದ್ಧಿಯವರು’ ಅಂತಲೇ ಕರೆಯುವುದು. ನೀವೂ ಹಾಗೇ ಕರೆಯಿರಿ, ಮರ್ಯಾದೆಗೆ ಎಲ್ಲೂ ಕಮ್ಮಿ ಮಾಡಬೇಡಿ. ಆದರೆ ಪ್ರಶ್ನೆ ಕೇಳಿ. ಒಂದು ಸಲ ನಾನು ಕೇಳಿದ್ದು ಹೀಗೆ:

"ಅಣ್ಣಾ, ಬುದ್ಧಿಯವರಿಗೆ ಪ್ರಶಸ್ತಿ ಬಂದಿದ್ದು ಸಂತೋಷ. ಯಾವ ಕೆಲಸಕ್ಕೆ ಕೊಟ್ರು ಅಂತ ಒಂದು ಸಾಲು ಬೇಕಿತ್ತು."

"ಶಾಂತಿಗೆ ಸಾರ್."

"ಅದೇ, ಎಲ್ಲಿ ಶಾಂತಿ ಮಾಡ್ಸಿದ್ರು?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಲೋಕಕ್ಕೇ ಸಾರ್."

ನಗಬೇಡಿ. ಅವರು ಸುಳ್ಳು ಹೇಳಲಿಲ್ಲ. ಅವರ ಪ್ರಕಾರ ಬುದ್ಧಿಯವರು ಕೂತಲ್ಲೇ ಶಾಂತಿ. ಆದರೆ ಶಾಂತಿ ಪ್ರಶಸ್ತಿ ಅಂದರೆ ಎಲ್ಲೋ ಒಂದು ಜಗಳ ಇರಬೇಕು ಅಲ್ವಾ? ನಾನು ಹುಡುಕುವುದು ಆ ಜಗಳವನ್ನು. ಜಗಳ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ: ಈ ಗುರುಗಳು ತಮ್ಮ ಭಕ್ತರಿಗೆ ಹಿಡಿಸದ ಮಾತನ್ನು ಭಕ್ತರ ಮುಂದೆಯೇ ಹೇಳಿದ್ದಾರಾ? ಎದುರು ಪಕ್ಷಕ್ಕೆ ಬುದ್ಧಿ ಹೇಳೋದು ಸುಲಭ. ಅದಕ್ಕೆ ಚಪ್ಪಾಳೆ ಬೀಳುತ್ತದೆ.

ಇದನ್ನು ನಾನು ಕಲಿತಿದ್ದು ಬೈಲಕುಪ್ಪೆಯಲ್ಲಿ. ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ಸರ್ಕಾರ ಟಿಬೆಟಿನಿಂದ ಬಂದವರಿಗೆ ಅಲ್ಲಿ ಜಾಗ ಕೊಟ್ಟಿತು. 1960ರಲ್ಲಿ ಶಿಬಿರ ಶುರುವಾಯಿತು. ನಾನು ಓಡಾಡುವ ಹೊತ್ತಿಗೆ ಕಾಡು ಕಡಿದ ಜಾಗದಲ್ಲೆಲ್ಲ ಮುಸುಕಿನ ಜೋಳ. ಅದನ್ನು ಬೆಳೆಯುತ್ತಿದ್ದ, ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರು ಸುತ್ತುತ್ತಿದ್ದ ಒಬ್ಬ ಹಿರಿಯರ ಪರಿಚಯವಾಯಿತು. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು. 1989ರಲ್ಲಿ ದಲೈ ಲಾಮಾ ಅವರಿಗೆ ನೊಬೆಲ್ ಬಂದ ದಿನದ ಸಂಭ್ರಮ ಕೇಳಲು ಹೋದರೆ, ಅವರು ಹೇಳಿದ್ದು ಅದರ ಹಿಂದಿನ ವರ್ಷದ ಜಗಳ. "ಪ್ರಶಸ್ತಿ ಬಂದಾಗ ಎಲ್ಲಾರೂ ಕುಣಿದ್ವಿ. ಹೋದ ವರ್ಷ ಇದೇ ಮನೇಲಿ ನಾನೂ ನನ್ನ ತಮ್ಮನೂ ಮಾತು ಬಿಟ್ಟಿದ್ವಿ."

ಕಾರಣ ಇದು. 1988ರ ಜೂನ್‌ನಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ದಲೈ ಲಾಮಾ ಒಂದು ಪ್ರಸ್ತಾಪ ಮುಂದಿಟ್ಟರು. ವಿದೇಶಾಂಗ ವ್ಯವಹಾರ ಚೀನಾದ ಕೈಯಲ್ಲೇ ಇರಲಿ, ಟಿಬೆಟ್ ಒಳಗಿನ ಆಡಳಿತ ಟಿಬೆಟಿನವರಿಗೆ ಬಿಡಿ. ಅಂದರೆ ಪೂರ್ತಿ ಸ್ವಾತಂತ್ರ್ಯದ ಬೇಡಿಕೆ ಬಿಟ್ಟ ಹಾಗೆ. ಮನೆ ಮಠ ಬಿಟ್ಟು ಬಂದವರಿಗೆ, ಅದರಲ್ಲೂ ಹುಡುಗರಿಗೆ, ಇದು ಸಹಿಸಲಿಕ್ಕಾಗಲಿಲ್ಲ. ಗುರುಗಳ ಎದುರು ಬಾಯಿ ಬಿಡುವ ಹಾಗಿಲ್ಲ, ಹಾಗಂತ ಒಪ್ಪುವ ಹಾಗೂ ಇಲ್ಲ. ಆ ತಮ್ಮ ಬಹಳ ದಿನ ಪ್ರಾರ್ಥನೆಗೇ ಹೋಗಲಿಲ್ಲವಂತೆ. ಪ್ರಶಸ್ತಿ ಕೊಡುವಾಗ ಸಮಿತಿಯ ಅಧ್ಯಕ್ಷರು, ಇದು ಒಂದು ಮಟ್ಟಿಗೆ ಮಹಾತ್ಮ ಗಾಂಧಿಯವರ ನೆನಪಿಗೂ ಸಲ್ಲುವ ಗೌರವ ಅಂದರು. ಗಾಂಧೀಜಿ ಹೆಸರು ಐದು ಸಲ ಹೋಗಿತ್ತು, ಒಂದು ಸಲವೂ ಕೊಡಲಿಲ್ಲ. ಆ ಪಾಪಪ್ರಜ್ಞೆ ಅಂತ ಕಾಣುತ್ತದೆ.

ವರ್ಣಭೇದದ ವಿರುದ್ಧ ಹೋರಾಡಿದ ಬಿಷಪ್ ಡೆಸ್ಮಂಡ್ ಟುಟು ಅವರನ್ನೂ ಇದೇ ತಕ್ಕಡಿಗೆ ಹಾಕಿ ನೋಡಿ. 1984ರಲ್ಲಿ ಪ್ರಶಸ್ತಿ ಬಂತು. ಮರುವರ್ಷ ದಕ್ಷಿಣ ಆಫ್ರಿಕಾದ ಡುಡುಜಾದಲ್ಲಿ ಒಂದು ಗುಂಪು, ಇವನು ಪೊಲೀಸರಿಗೆ ಸುದ್ದಿ ಕೊಡುವವನು ಅಂತ ಒಬ್ಬನನ್ನು ಹಿಡಿದು ಸುಡಲು ಹೊರಟಿತ್ತು. ಗುಂಪಿನಲ್ಲಿದ್ದವರು ಟುಟು ಅವರ ಕಡೆಯ ಜನವೇ. ಟುಟು ನಡುವೆ ನುಗ್ಗಿ ಅವನನ್ನು ಬಿಡಿಸಿದರು. ಕೆಲವೇ ದಿನದಲ್ಲಿ ಇನ್ನೊಂದು ಸಭೆಯಲ್ಲಿ, ನೀವು ಹೀಗೇ ಮಾಡುತ್ತಿದ್ದರೆ ನಾನು ಸಂಸಾರ ಕಟ್ಟಿಕೊಂಡು ದೇಶ ಬಿಟ್ಟು ಹೋಗುತ್ತೇನೆ ಅಂದರು. ಇಂಥವರಿಗೆ ಕೊಡಬೇಕಾ ಬೇಡವಾ ಅಂತ ನನ್ನನ್ನು ಕೇಳಿದರೆ, ಕಣ್ಣು ಮುಚ್ಚಿಕೊಂಡು ಕೊಡಿ ಅಂತೀನಿ. ಬಿಷಪ್ ಆಗಿದ್ದಕ್ಕಲ್ಲ, ಆ ಗುಂಪಿಗೆ ನುಗ್ಗಿದ್ದಕ್ಕೆ.

ಮದರ್ ತೆರೇಸಾ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. 1979ರಲ್ಲಿ ನೊಬೆಲ್ ಬಂದಾಗ ಔತಣಕೂಟ ಬೇಡ, ಅದರ ದುಡ್ಡು ಬಡವರಿಗೆ ಕೊಡಿ ಅಂದರು. ದೊಡ್ಡ ಮಾತು. ಆದರೆ ಅವರು ಮಾಡಿದ್ದು ಸೇವೆ. ಸೇವೆಯನ್ನು ಸೇವೆ ಅಂತಲೇ ಕರೆದರೆ ಏನು ಕಮ್ಮಿಯಾಗುತ್ತದೆ? ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಗೆ 2007ರಲ್ಲಿ ಕರ್ನಾಟಕ ರತ್ನ ಬಂತು, 2015ರಲ್ಲಿ ಪದ್ಮಭೂಷಣ. ಅನ್ನ, ಅಕ್ಷರದ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಪಾರಿವಾಳ ಬೇಕಾಗಲಿಲ್ಲ. ನೀವೂ ಕಾಪಿಯಲ್ಲಿ ಇದನ್ನು ಬೇರೆ ಬೇರೆ ಮಾಡಿ. ಮಠ ಶಾಲೆ ನಡೆಸುತ್ತಿದ್ದರೆ ‘ಶಾಲೆ ನಡೆಸುತ್ತಿದೆ’ ಅಂತ ಬರೆಯಿರಿ, ‘ಶಾಂತಿದೂತ’ ಅಂತ ಬರೆಯಬೇಡಿ.

ಇಂಥ ಬಿರುದುಗಳನ್ನು ಎಲ್ಲ ಕಡೆ ಹೊಡೆದುಹಾಕಿ. ಇದು ಮರ್ಯಾದೆಯ ಪ್ರಶ್ನೆಯಲ್ಲ. 1996ರಲ್ಲಿ ಪೂರ್ವ ಟಿಮೋರಿನ ಬಿಷಪ್ ಕಾರ್ಲೋಸ್ ಬೆಲೊ ಅವರಿಗೆ ಜೋಸ್ ರಾಮೋಸ್ ಹೋರ್ಟಾ ಜೊತೆ ನೊಬೆಲ್ ಬಂತು. ಇಂಡೊನೇಷ್ಯಾದ ಆಕ್ರಮಣದ ಕಾಲದಲ್ಲಿ ಅವರು ಜನರ ಪರ ನಿಂತಿದ್ದು ನಿಜ. 2022ರಲ್ಲಿ ನೆದರ್ಲೆಂಡ್ಸಿನ ಒಂದು ಪತ್ರಿಕೆ, ಅವರು ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದರು ಅನ್ನೋ ಆರೋಪ ಪ್ರಕಟಿಸಿತು. 2020ರಲ್ಲೇ ಅವರ ಮೇಲೆ ನಿರ್ಬಂಧ ಹಾಕಿದ್ದೇವೆ ಅಂತ ವ್ಯಾಟಿಕನ್ ಆಗ ಹೇಳಿತು. ನೊಬೆಲ್ ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವ ನಿಯಮವಿಲ್ಲ. ಪತ್ರಿಕೆಯ ಹಳೇ ಫೈಲೂ ಹಾಗೇ. ಮಾಡಿದ ಕೆಲಸವನ್ನು ಬರೆದಿದ್ದರೆ ಅದು ಇವತ್ತೂ ನಿಲ್ಲುತ್ತದೆ. ‘ನಡೆದಾಡುವ ದೇವರು’ ಅಂತ ಬರೆದಿದ್ದರೆ ಹೋಯಿತು.

ಪ್ರಶಸ್ತಿ ಬೇಡ ಅಂದವರ ಸುದ್ದಿಯನ್ನು ಮಾತ್ರ ದೊಡ್ಡದಾಗಿಯೇ ಹಾಕಿ. 2018ರಲ್ಲಿ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಪದ್ಮಶ್ರೀ ಬೇಡ ಅಂತ ಪ್ರಧಾನಿಗೆ ಪತ್ರ ಬರೆದರು. ಅಂಗಿಗೆ ಜೇಬನ್ನೇ ಇಡಿಸದವರು ಪದಕ ಎಲ್ಲಿಡುತ್ತಾರೆ? ಇಂಥ ಸುದ್ದಿಗೆ ಪ್ರೆಸ್ ನೋಟ್ ಬರಲ್ಲ, ನಾವೇ ಹುಡುಕಬೇಕು.

ಕೊನೆಗೆ, ಫೋನ್ ಮಾಡಿದ್ದು ಉಪಯೋಗಕ್ಕೆ ಬಂದ ಒಂದು ಸಲದ್ದು ಹೇಳುತ್ತೇನೆ. ಅದೇ ಪಾರಿವಾಳದ ನೋಟು. ಅದೇ ಪ್ರಶ್ನೆ ಕೇಳಿದೆ, ಎಲ್ಲಿ ಶಾಂತಿ ಮಾಡ್ಸಿದ್ರು ಅಂತ. ಮ್ಯಾನೇಜರು ಸ್ವಲ್ಪ ಯೋಚಿಸಿ, "ಅಂಥದ್ದೇನಿಲ್ಲ ಸಾರ್. ಪಕ್ಕದೂರಲ್ಲಿ ಎರಡು ಕೇರಿಗೆ ಜಗಳ ಬಿದ್ದು ತೇರು ಮೂರು ವರ್ಷ ನಿಂತಿತ್ತು. ಬುದ್ಧಿಯವರು ಹೋಗಿ ಆ ಕೇರೀಲೇ ಕೂತ್ಕೊಂಡ್ರು, ಅಲ್ಲೇ ಊಟ ಮಾಡಿದ್ರು. ನಮ್ಮ ಜನಾನೇ ಬೈದ್ರು" ಅಂದರು. ಮರುದಿನ ಬೆಳಿಗ್ಗೆಯೇ ವರದಿಗಾರನನ್ನು ಆ ಊರಿಗೆ ಕಳಿಸಿದೆ. ತೇರಿನ ಹಗ್ಗ ಹೊಸದು ತಂದಿದ್ದರು, ಎರಡೂ ಕೇರಿಯವರು ದುಡ್ಡು ಹಾಕಿ. ಮೂರು ಕಾಲಂ ಹಾಕಿದೆವು. ಪ್ರಶಸ್ತಿ ಕೊನೆಯ ಸಾಲಿನಲ್ಲಿ ಬಂತು.

ಬೆಳಿಗ್ಗೆ ಮ್ಯಾನೇಜರ ಫೋನ್. "ಏನ್ ಸಾರ್, ಪ್ರಶಸ್ತಿ ಒಂದೇ ಸಾಲು ಹಾಕಿದೀರಿ?" ಅಂತ ಬೇಜಾರು ಮಾಡಿಕೊಂಡರು. ಆಮೇಲೆ ಐವತ್ತು ಪ್ರತಿ ಬೇಕು, ಏಜೆಂಟಿಗೆ ಹೇಳಿ ಅಂದರು.