ಬಾತಿನ ಕಣ್ಣಿಗೆ ಸಮನಾಗಿ ಕ್ಯಾಮೆರಾ ಇಳಿಸಿದ್ದು

ಕಳೆದ ಫೆಬ್ರವರಿಯಲ್ಲಿ ಕೊಡಗಿನ ಸುಂಟಿಕೊಪ್ಪ ಕಡೆಯ ನಮ್ಮ ಕಾಫಿ ತೋಟದ ಕೆರೆಯಲ್ಲಿ ಜೋಡಿ ವರಟೆ ಬಾತುಗಳು ನನ್ನಿಂದ 50 ಅಡಿ ದೂರದಲ್ಲಿ ಮಿಂದು, ಎದ್ದು ನಿಂತು ರೆಕ್ಕೆ ಕೊಡವಿದವು. ತೇಲುವ ಟ್ಯೂಬಿನ ಮೇಲೆ ಕ್ಯಾಮೆರಾ ಇಟ್ಟು, ನೀರಿಗಿಳಿದು ಚಿತ್ರ ತೆಗೆಯುತ್ತೇನೆ ಅಂದಾಗ ‘ಆಗುವ ಕೆಲಸ ಅಲ್ಲ ಬಿಡಿ’ ಎಂದಿದ್ದವರೇ ಈಗ ಟ್ಯೂಬ್ ಎಷ್ಟು ದೊಡ್ಡದಿರಬೇಕು ಅಂತ ಫೋನ್ ಮಾಡಿ ಕೇಳುತ್ತಿದ್ದಾರೆ.

ಅದಕ್ಕೆ ಮೊದಲು ಮೂರು ವರ್ಷ ಕೆರೆ ಏರಿಯ ಮೇಲೆ ಟ್ರೈಪಾಡ್ ಇಟ್ಟುಕೊಂಡು ನಿಂತಿದ್ದೆ. ಸೆಕೆಂಡ್ ಹ್ಯಾಂಡ್ 150-600 ಮಿ.ಮೀ. ಜೂಮ್ ಲೆನ್ಸಿಗೆ ಸುಮಾರು 58 ಸಾವಿರ ಸುರಿದ ಮೇಲೂ ಚಿತ್ರದಲ್ಲಿ ಜೀವ ಇರಲಿಲ್ಲ. ನಲವತ್ತು ಚಿತ್ರ ಆರಿಸಿ ಮೈಸೂರಿನ ಹಿರಿಯ ಛಾಯಾಗ್ರಾಹಕರೊಬ್ಬರಿಗೆ ತೋರಿಸಿದೆ. ಎರಡನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಪಕ್ಕಕ್ಕಿಟ್ಟರು. ‘ಏರಿ ಮೇಲೆ ನಿಂತ ಮೇಸ್ತ್ರಿ ಆಳುಗಳನ್ನು ನೋಡಿದ ಹಾಗೆ ನೋಡಿದ್ದೀಯಲ್ಲೋ ಹಕ್ಕೀನ. ಕೆಳಗಿಳಿ’ ಎಂದರು. ಎರಡು ದಿನ ಕ್ಯಾಮೆರಾ ಮುಟ್ಟಲಿಲ್ಲ. ಆಮೇಲೆ ಅವೇ ಚಿತ್ರಗಳನ್ನು ತೆಗೆದು ನೋಡಿದೆ. ಬರೀ ಬೆನ್ನು. ಒಂದರಲ್ಲೂ ಕಣ್ಣಲ್ಲಿ ಬೆಳಕಿಲ್ಲ.

ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಲು ಮೊದಲು ಬಾಳೆದಿಂಡಿನ ತೆಪ್ಪ ಕಟ್ಟಿದೆ. ಮೂರನೇ ದಿನಕ್ಕೆ ದಿಂಡು ನೀರು ಕುಡಿದು ಒಂದು ಕಡೆ ವಾಲಿತು, ಕ್ಯಾಮೆರಾ ಕೆರೆಗೆ. ರಿಪೇರಿಗೆ 28 ಸಾವಿರದ ಹತ್ತಿರ ಕೇಳಿದರು. ಆ ವರ್ಷದ ಕರಿಮೆಣಸಿನ ದುಡ್ಡಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಮನೆಯಲ್ಲಿ ಮಾತು ಬಂತು, ಬರಬೇಕಾದದ್ದೇ.

ಈಗಿರುವುದು ಟ್ರಾಕ್ಟರಿನ ಹಿಂದಿನ ಚಕ್ರದ ಹಳೇ ಟ್ಯೂಬ್. ಪಂಕ್ಚರ್ ಹಾಕಿಸಿದ್ದೂ ಸೇರಿ 400 ರೂಪಾಯಿ. ಮೇಲೆ ಪ್ಲೈವುಡ್ ಹಲಗೆ, ಪಿವಿಸಿ ಪೈಪಿನ ಕಮಾನು, ನಾನು ಮರೆಯಾಗಲು ಬಲೆ. ಲೆನ್ಸ್ ಕೆಳಗೆ ಮರಳಿನ ಚೀಲದ ಬದಲು ಒಣಗಿದ ಕಾಫಿ ಹೊಟ್ಟಿನ ಚೀಲ. ಹಗುರ, ಲೆನ್ಸ್ ಅಲುಗಾಡುವುದಿಲ್ಲ. ಒಟ್ಟು ಮೂರೂವರೆ ಸಾವಿರ ದಾಟಿರಲಿಕ್ಕಿಲ್ಲ. ಲೆನ್ಸ್ ನೀರಿನಿಂದ ಒಂದು ಗೇಣು ಮೇಲಿದ್ದರೆ ಸಾಕು. ಬಲೆಯ ಮುಂಭಾಗಕ್ಕೆ ಏನು ಕಟ್ಟುತ್ತೇನೆ ಎನ್ನುವುದು ಸದ್ಯ ನನ್ನಲ್ಲೇ ಇರಲಿ.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಶುರು ಮಾಡಿದೆ. ಐದೂವರೆಗೆ, ಕತ್ತಲಿರುವಾಗಲೇ, ಎದೆಮಟ್ಟದ ನೀರಿಗೆ ಇಳಿಯಬೇಕು. ಆನೆ ಓಡಾಡುವ ಸುದ್ದಿ ಇದ್ದ ದಿನ ಇಳಿಯಲೇಬಾರದು. ಮೊದಮೊದಲು ನಾನೇ ಟ್ಯೂಬನ್ನು ಹಕ್ಕಿಗಳತ್ತ ತಳ್ಳುತ್ತಿದ್ದೆ. ಶಿಳ್ಳೆ ಬಾತುಗಳು ಕೂಗುತ್ತಾ ಒಟ್ಟಿಗೇ ಹಾರಿಹೋಗುತ್ತಿದ್ದವು. ಒಂದೇ ಕಡೆ ಅಲುಗದೆ ನಿಲ್ಲತೊಡಗಿದ ಮೇಲೆ ಅವೇ ಹತ್ತಿರ ಬಂದವು. ಫೆಬ್ರವರಿಯಲ್ಲಿ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಪಂಪ್ ಓಡುತ್ತದಲ್ಲ, ಅದು ಹಕ್ಕಿ ಓಡಿಸುತ್ತದೆ ಅಂತ ಎಲ್ಲರೂ ಹೇಳಿದ್ದರು. ನಮ್ಮ ಕೆರೆಯ ಬಾತುಗಳಿಗೆ ಆ ಸದ್ದು ಅಭ್ಯಾಸವಾಗಿತ್ತು. ನನಗೋ ಶಟರ್ ಸದ್ದು ಮುಚ್ಚಿಹೋಗುತ್ತಿತ್ತು. ನೀರು ಇಳಿದು ಅಂಚಿನ ಕೆಸರು ತೆರೆದುಕೊಂಡಾಗ ಹಕ್ಕಿಗಳು ಅಲ್ಲೇ ಮೇಯುತ್ತಿದ್ದವು.

ವರಟೆ ತಲೆ ಮುಳುಗಿಸಿ ನೀರನ್ನು ಬೆನ್ನ ಮೇಲೆ ಚೆಲ್ಲಿಕೊಳ್ಳುವುದನ್ನು ನಿಲ್ಲಿಸಿತೆಂದರೆ ಬೆರಳು ಸಿದ್ಧ ಇರಲಿ. ಎದೆ ಎತ್ತುತ್ತದೆ, ಕತ್ತು ಉದ್ದ ಮಾಡುತ್ತದೆ, ರೆಕ್ಕೆ ಬಿಚ್ಚುತ್ತದೆ. ಶಟರ್ ವೇಗ 1/2500 ಸೆಕೆಂಡಿಗಿಂತ ಕಡಿಮೆ ಇಟ್ಟರೆ ರೆಕ್ಕೆಯ ತುದಿ ಕಲಸಿಹೋಗುತ್ತದೆ. ಜೂಮ್ 600ರಲ್ಲೇ ಇಟ್ಟುಕೊಂಡು ರೆಕ್ಕೆ ಕತ್ತರಿಸಿದ ಚಿತ್ರಗಳು ನನ್ನಲ್ಲಿ ಇನ್ನೂರಾದರೂ ಇವೆ, 400ಕ್ಕೆ ಇಳಿಸಿ. ಮಂಜಿರುವಾಗ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ (ಬೆಳಕಿನ ಅಳತೆ) ಮೇಲೆ, ಬಿಸಿಲು ಬಿದ್ದು ನೀರು ಕಪ್ಪಾದ ಮೇಲೆ ಅಷ್ಟೇ ಕೆಳಗೆ. ಒಂಬತ್ತಾದರೆ ನೀರಿನ ಮೇಲೆ ಬಿಸಿ ಗಾಳಿ ಕುಣಿಯತೊಡಗುತ್ತದೆ, ಎಷ್ಟು ದುಬಾರಿ ಲೆನ್ಸಾದರೂ ಚಿತ್ರ ಮಸುಕೇ.

ನಡುವೆ ಮರದ ಬಾತು ಕೆತ್ತಿಸಿ, ಬಣ್ಣ ಹಚ್ಚಿ ತೇಲಿಬಿಟ್ಟೆ. ಬಾತುಗಳು ತಿರುಗಿಯೂ ನೋಡಲಿಲ್ಲ. ಆದರೆ ಮಿಂಚುಳ್ಳಿ ಅದರ ತಲೆಯ ಮೇಲೆ ಕೂತು ಮೀನು ಹಿಡಿಯಿತು. ಆ ಚಿತ್ರ ಈಗ ನಮ್ಮ ಹಜಾರದಲ್ಲಿದೆ.

ಹೊಸ ಹತ್ತು ಚಿತ್ರ ಮೈಸೂರಿಗೆ ಕಳಿಸಿದೆ. ಏಳನ್ನು ಉಳಿಸಿಕೊಂಡರು. ರೆಕ್ಕೆ ಕೊಡವುವ ಚಿತ್ರದಲ್ಲಿ ಸಿಲ್ವರ್ ಓಕ್ ಮರಗಳ ನೆರಳು ಅಳಿಸಿಬಿಡು ಎಂದರು. ಅದೊಂದನ್ನು ಮಾತ್ರ ನಾನು ಒಪ್ಪಲಿಲ್ಲ. ಕೊಡಗಿನ ಕೆರೆ ಅಂತ ಗೊತ್ತಾಗುವುದೇ ಆ ನೆರಳಿನಿಂದ.