ಮೆ 262ರ ಮಾದರಿಗೆ ಬಣ್ಣ ಹಚ್ಚಿದ ನನ್ನ ಅನುಭವ

ಎರಡನೆಯ ಮಹಾಯುದ್ಧದ ಜರ್ಮನ್ ಯುದ್ಧವಿಮಾನವಾದ ಮೆಸ್ಸರ್‌ಶ್ಮಿಟ್ ಮೆ 262 ಜೆಟ್‌ನ 1:48 ಅಳತೆಯ ಮಾದರಿಯನ್ನು ನಾನು ಎರಡು ಸಲ ಕಟ್ಟಿದ್ದೇನೆ. ಮೊದಲನೆಯದರ ಬಣ್ಣ ಮೂಗಿನಿಂದ ಬಾಲದವರೆಗೆ ಒಂದೇ ಡಬ್ಬಿಯಿಂದ ಬಂದಂತೆ ಅಚ್ಚುಕಟ್ಟಾಗಿತ್ತು. ತಪ್ಪಿದ್ದದ್ದೇ ಆ ಅಚ್ಚುಕಟ್ಟಿನಲ್ಲಿ.

ಜರ್ಮನ್ ವಾಯುಯಾನ ಸಚಿವಾಲಯವು 1944ರಲ್ಲಿ ಬೂದು ಛಾಯೆಗಳ ಬದಲಿಗೆ ತನ್ನ ಬಣ್ಣಗಳ ಪಟ್ಟಿಯ 81ನೆಯ ಸಂಖ್ಯೆಯ ಕಂದು ನೇರಳೆಯನ್ನೂ 82ನೆಯ ತಿಳಿಹಸಿರನ್ನೂ ತಂದಿತು. ಹೊಟ್ಟೆಯ ಭಾಗಕ್ಕೆ 76ನೆಯ ತಿಳಿನೀಲಿಯೇ ಉಳಿಯಿತು. ಆಗಸದಲ್ಲಿ ಕಣ್ಮರೆಯಾಗುವುದಕ್ಕಿಂತ ನೆಲದ ಮೇಲೆ, ಮರಗಳ ನಡುವೆ, ಶತ್ರುವಿಮಾನಗಳ ಕಣ್ಣು ತಪ್ಪಿಸುವುದು ಆಗ ಹೆಚ್ಚು ಮುಖ್ಯವಾಗಿತ್ತು. ಬಾಂಬ್ ದಾಳಿಯಿಂದಾಗಿ ತಯಾರಿಕೆಯೂ ಚದುರಿಹೋಗಿತ್ತು. ಆಸ್ಟ್ರಿಯಾದ ಗುಸೆನ್ ಬಳಿಯ ಸುರಂಗಗಳಲ್ಲಿ ಸೆರೆಶಿಬಿರದ ಕೈದಿಗಳಿಂದ ವಿಮಾನದ ಒಡಲುಗಳನ್ನು ಮಾಡಿಸುತ್ತಿದ್ದರು. ಬೇರೆಬೇರೆ ಕಡೆಗಳಿಂದ ಬಂದ ಭಾಗಗಳನ್ನು ಕಾಡಿನೊಳಗಿನ ಕಾರ್ಖಾನೆಗಳಲ್ಲೂ ಜೋಡಿಸುತ್ತಿದ್ದರು. ಹಾಗಾಗಿ ಒಂದೇ ವಿಮಾನದ ಮೇಲೆ ಒಂದೇ ಸಂಖ್ಯೆಯ ಬಣ್ಣ ಎರಡು ಬಗೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಎರಡನೆಯ ಸಲ ನಾನು 81ನ್ನು ಮೂರು ಬಟ್ಟಲುಗಳಲ್ಲಿ ಕಲಸಿಕೊಂಡೆ. ರೆಕ್ಕೆಗೆ ಡಬ್ಬಿಯಲ್ಲಿದ್ದ ಬಣ್ಣವನ್ನೇ ಬಳಸಿ, ಒಡಲಿಗೆ ನಾಲ್ಕು ಹನಿ ಕಂದು, ಬಾಲಕ್ಕೆ ಎರಡು ಹನಿ ಹಸಿರು ಬೆರೆಸಿ, ಹಾಲಿನಷ್ಟು ತೆಳುವಾಗುವವರೆಗೆ ಥಿನ್ನರ್ ಹಾಕಿದೆ. ರೆಕ್ಕೆಯ ಮೇಲಿನ ಗಡಿಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಒಡಲಿನ ಪಕ್ಕದ ಮಚ್ಚೆಗಳನ್ನು ಮಾತ್ರ, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ಶನ್ನು ಮೇಲ್ಮೈಗೆ ಬೆರಳಿನಗಲದಷ್ಟು ಹತ್ತಿರ ಹಿಡಿದು, ಗಾಳಿಯ ಒತ್ತಡ ತಗ್ಗಿಸಿ, ಕೈಯಿಂದಲೇ ಹಾಕಿದೆ. ಜೂಮೊ 004 ಎಂಜಿನ್‌ಗಳ ಆಯುಷ್ಯ ಕೆಲವೇ ಗಂಟೆಗಳಾಗಿದ್ದರಿಂದ, ಬದಲಿಸಿದ ಕವಚವೆಂಬಂತೆ ಬಲಗಡೆಯದಕ್ಕೆ ಬೇರೆ ಛಾಯೆ ಕೊಟ್ಟೆ. ಅದು ನನ್ನ ಊಹೆಯೇ, ಆದರೆ ಆಧಾರವಿರುವ ಊಹೆ.

ಬಣ್ಣದ ಕೆಳಗೆ ಏನಿತ್ತೆಂಬುದನ್ನು ನನಗೆ ಕಲಿಸಿದ್ದು 111711 ಸಂಖ್ಯೆಯ ವಿಮಾನದ ಚಿತ್ರಗಳು. 1945ರ ಮಾರ್ಚ್ ಕೊನೆಯಲ್ಲಿ ಮೆಸ್ಸರ್‌ಶ್ಮಿಟ್‌ನ ಪರೀಕ್ಷಾ ಪೈಲಟ್ ಹಾನ್ಸ್ ಫೇ ಅದನ್ನು ಅಮೆರಿಕನ್ನರ ವಶದಲ್ಲಿದ್ದ ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಇಳಿಸಿದಾಗ ಒಡಲಿಗೆ ಬಣ್ಣವೇ ಇರಲಿಲ್ಲ. ತಗಡಿನ ಕೂಡುಗೆರೆಗಳುದ್ದಕ್ಕೂ ಬಳಿದ ಪುಟ್ಟಿಯ ಪಟ್ಟೆಗಳು ಎದ್ದು ಕಾಣುತ್ತಿದ್ದವು. ನಯವಾದ ಮೇಲ್ಮೈ ವೇಗಕ್ಕೆ ಬೇಕಿತ್ತು. ಅದನ್ನು ಕಂಡ ಮೇಲೆ ನಾನು ಮಾದರಿಯ ಕೂಡುಗೆರೆಗಳು ಎದ್ದು ಕಾಣಲೆಂದು ಅವುಗಳಿಗೆ ಕಪ್ಪು ತುಂಬಿಸುವುದನ್ನು ಬಿಟ್ಟೆ.

ಏಳನೆಯ ಯುದ್ಧವಿಮಾನ ದಳ ಜೆಜಿ 7ರ ಗುರುತಾಗಿ ಒಡಲನ್ನು ಸುತ್ತುವ ನೀಲಿ ಕೆಂಪು ಪಟ್ಟಿಗೆ ಮೊದಲು ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ, ಹಚ್ಚಿದ್ದೆ. ಒಡಲು ಹಿಂದಕ್ಕೆ ಕಿರಿದಾಗುತ್ತ ಹೋಗುವುದರಿಂದ ಅದರ ತುದಿಗಳು ಹೊಟ್ಟೆಯ ಕೆಳಗೆ ಒಂದಕ್ಕೊಂದು ಕೂಡಲಿಲ್ಲ. ಅದನ್ನು ಕಿತ್ತು, ಎರಡು ಬಣ್ಣಗಳನ್ನೂ ಬೇರೆಬೇರೆ ದಿನ ಬಳಿದೆ.

ಬಾಲದ ಸ್ವಸ್ತಿಕದ ಡೆಕಾಲ್, ನಾಜಿ ಚಿಹ್ನೆಗಳನ್ನು ನಿಷೇಧಿಸುವ ಜರ್ಮನಿಯ ಕಾನೂನಿನ ಕಾರಣ, ಹಲವು ಕಿಟ್‌ಗಳಲ್ಲಿ ಎರಡು ತುಂಡಾಗಿ ಬರುತ್ತದೆ. ಅದನ್ನು ಹಚ್ಚದೆ ಬಿಡುವವರಿದ್ದಾರೆ. ಈ ಒಡಲನ್ನು ಸುರಂಗದಲ್ಲಿ ಮಾಡಿಸಿದ ಆಳ್ವಿಕೆ ಯಾವುದೆಂಬುದನ್ನು ಮಾದರಿ ಮರೆಮಾಡಬಾರದೆಂದು ನಾನು ಎರಡೂ ತುಂಡುಗಳನ್ನು ಚಿಮಟದಿಂದ ಕೂಡಿಸಿ, ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಶ್ ಹೊಡೆದೆ.